ಅರುಂಧತಿಗೆ ಮೂರು ತಂತ್ರಾಂಶ

ರೋಣದ ಬಜಾರದಲ್ಲಿ ಗಾದಿಯ ಮೇಲೆ ಕೂತು ಗಜೇಂದ್ರಗಡದ ಮಗ್ಗದ ಸೀರೆಗಳನ್ನು ಬಿಚ್ಚಿ ತೋರಿಸುವುದು ನನ್ನ ಕಸುಬು. ರಾಶಿ ಸೀರೆ ಬಿಚ್ಚಿಸಿ, ಅಂಚು ಸವರಿ, ಸೆರಗನ್ನು ಬೆಳಕಿಗೆ ಹಿಡಿದು ನೋಡಿ, ಕೊನೆಗೆ “ಇನ್ನೊಮ್ಮೆ ಬರ್ತೀವ್ರಿ” ಎಂದು ಚಪ್ಪಲಿ ಮೆಟ್ಟುವವರನ್ನು ಮನಸ್ಸಿನಲ್ಲೇ ಎಷ್ಟೋ ಸಲ ಬೈದಿದ್ದೇನೆ. ಆದರೆ ಕ್ಯಾಮೆರಾ ನಡೆಸುವ ತಂತ್ರಾಂಶಗಳ ವಿಷಯದಲ್ಲಿ ನಾನೂ ಅಂಥದೇ ಗಿರಾಕಿ ಎಂದು ಒಪ್ಪಿಕೊಳ್ಳಲೇಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದೇ ಕೆಲಸಕ್ಕೆ ಮೂರು ತಂತ್ರಾಂಶಗಳಿವೆ.

ಕೆಲಸವೆಂದರೆ ನಕ್ಷತ್ರಗಳ ಫೋಟೋ ತೆಗೆಯುವುದು. ಮದುವೆಯ ಫೋಟೋ ತೆಗೆಯುವವರು ಗುಂಡಿ ಒತ್ತಿದರೆ ಮುಗಿಯಿತು, ನಕ್ಷತ್ರಕ್ಕೆ ಹಾಗಲ್ಲ. ಬೆರಳು ತಾಗಿದರೆ ಸಾಕು, ಕ್ಯಾಮೆರಾ ಅಲುಗಿ ನಕ್ಷತ್ರ ಎರೆಹುಳುವಾಗುತ್ತದೆ. ಆದ್ದರಿಂದ ಕ್ಯಾಮೆರಾಕ್ಕೆ ವಾಯರು ಸಿಕ್ಕಿಸಿ, ದೂರ ಕೂತು, ಲ್ಯಾಪ್‌ಟಾಪಿನಿಂದಲೇ ಅದಕ್ಕೆ ಅಪ್ಪಣೆ ಕೊಡಬೇಕು. ಈ ಅಪ್ಪಣೆಯನ್ನು ಮುಟ್ಟಿಸುವುದೇ ತಂತ್ರಾಂಶದ ಕೆಲಸ.

ಮೊದಲನೆಯದು ಕ್ಯಾಮೆರಾದ ಜೊತೆಗೇ ಬಂದದ್ದು. ಹಳೆಯ ಗುಮಾಸ್ತನಂತೆ ಬಲು ಮರ್ಯಾದಸ್ಥ. ಹೇಳಿದಷ್ಟು ಮಾಡುತ್ತದೆ, ಹೇಳದ್ದನ್ನು ಕನಸಿನಲ್ಲೂ ಮಾಡುವುದಿಲ್ಲ. ನಕ್ಷತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸುತ್ತದೆ. ಫೋಕಸ್ ಕೂಡಿತೋ ಇಲ್ಲವೋ ಎಂದು ಕೇಳಿದರೆ “ಅದು ಧಣಿಯರ ಕಣ್ಣಿಗೆ ಬಿಟ್ಟದ್ದು” ಎಂಬಂತೆ ಸುಮ್ಮನಿರುತ್ತದೆ. ಎರಡನೆಯದು ಪುಕ್ಕಟೆ ಸಿಕ್ಕದ್ದು. ಅದಕ್ಕೆ ಬಾರದ ವಿದ್ಯೆಯಿಲ್ಲ. ಪರದೆಯ ತುಂಬ ಕಿಟಕಿ, ಕಿಟಕಿಯೊಳಗೆ ಮತ್ತೊಂದು ಕಿಟಕಿ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳ ಹತ್ತಿರ ಅದನ್ನು ಪರೀಕ್ಷೆ ಮಾಡಲು ಹೋಗಿ, ಯಾವ ಕಿಟಕಿಯಲ್ಲಿ ಏನಿದೆ ಎಂದು ಹುಡುಕುವಷ್ಟರಲ್ಲಿ ಮೋಡ ಬಂದಿತ್ತು. ಮೂರನೆಯದು ದುಡ್ಡು ಕೊಟ್ಟು ತಂದದ್ದು. ಫೋಕಸ್ ಎಷ್ಟು ಕೂಡಿದೆ ಎಂದು ಅಂಕಿಯಲ್ಲೇ ಹೇಳುತ್ತದೆ. ಅಂಕಿ ಸಣ್ಣದಾದಷ್ಟೂ ನಕ್ಷತ್ರ ಚೂಪು. ಕತ್ತಲಿಗೆ ಒಗ್ಗಿದ ಕಣ್ಣು ಕೆಡದಿರಲೆಂದು ಇಡೀ ಪರದೆಯನ್ನೇ ಕೆಂಪಾಗಿಸುತ್ತದೆ. ಆದರೆ ವಾಯರು ಕೊಂಚ ಸಡಿಲಾದರೂ ಸಿಟ್ಟು ಮಾಡಿಕೊಂಡು ಮಾತೇ ಬಿಡುತ್ತದೆ.

ನರಗುಂದದಲ್ಲಿ ದನದ ಡಾಕ್ಟರಾಗಿರುವ ನನ್ನ ಗೆಳೆಯ ಬಸಣ್ಣನಿಗೂ ಇದೇ ಹುಚ್ಚು. ನಾನು ಮೂರನ್ನೂ ತೂಗುತ್ತ ಕೂತದ್ದನ್ನು ನೋಡಿ ಅವನಿಗೆ ರೇಗಿತು. “ಎತ್ತ ಕೊಳ್ಳೂ ಮುಂದ ಹಲ್ಲು ನೋಡಬೇಕಪಾ, ಕೋಡಿನ ಬಣ್ಣ ನೋಡತಾರೇನು? ಚುಕ್ಕಿ ಚೂಪ ಬಂತೋ ಇಲ್ಲೋ ಅಷ್ಟ ನೋಡು. ಮೂರನೇದ್ದ ಚಲೋ ಐತಿ, ಉಳಿದದ್ದು ತಗದ ಒಗಿ” ಎಂದ. ನನಗೆ ಮಾತ್ರ ಯಾವುದನ್ನೂ ಒಗೆಯಲು ಮನಸ್ಸು ಬರಲಿಲ್ಲ.

ಈ ಲಹರಿಯಲ್ಲೇ ಕಾಲ ಕಳೆಯುತ್ತಿದ್ದೆನೋ ಏನೋ, ಅಷ್ಟರಲ್ಲಿ ನನ್ನ ಹೆಂಡತಿ ಕಮಲಳ ಕಣ್ಣಿನ ಸಂಗತಿ ಬಂತು. ಸಕ್ಕರೆ ಕಾಯಿಲೆ ಅವಳ ಕಣ್ಣಿನ ಒಳಪದರಕ್ಕೆ ಮುಟ್ಟಿತ್ತು. ತಡ ಮಾಡಿದರೆ ಇರುವಷ್ಟು ದೃಷ್ಟಿಯೂ ಹೋದೀತು, ಬೇಗ ಆಪರೇಶನ್ ಮಾಡಿಸಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಕಮಲಾ ಒಪ್ಪಲಿಲ್ಲ. ಕಾರಣ ಕೇಳಿದರೆ ಆಕಾಶ ತೋರಿಸಿದಳು.

ಬೆಳವಣಕಿಯ ಅವಳ ಅಜ್ಜಿ ಹೇಳುತ್ತಿದ್ದಳಂತೆ: ಯಾರಿಗೆ ಅರುಂಧತಿ ನಕ್ಷತ್ರ ಕಾಣುವುದಿಲ್ಲವೋ ಅವರ ಆಯುಷ್ಯ ಆರೇ ತಿಂಗಳು. ಹಳೆಯ ಮಂದಿಯ ನಂಬಿಕೆ, ನೀವೂ ಕೇಳಿರಬಹುದು. ಸಪ್ತರ್ಷಿಗಳಲ್ಲಿ ವಸಿಷ್ಠನ ಪಕ್ಕಕ್ಕೇ ಅಂಟಿಕೊಂಡಂತಿರುವ ಸಣ್ಣ ಚುಕ್ಕಿ ಅದು. ಮದುವೆಯಲ್ಲಿ ಹಾಡುಹಗಲೇ ಅಂಗಳಕ್ಕೆ ಕರೆತಂದು ಅದನ್ನು ತೋರಿಸುತ್ತಾರೆ. ಭಟ್ಟರಿಗೂ ಕಾಣುವುದಿಲ್ಲ, ಮದುಮಕ್ಕಳಿಗೂ ಕಾಣುವುದಿಲ್ಲ, ಆದರೂ ಎಲ್ಲರೂ ಗೋಣು ಆಡಿಸುತ್ತಾರೆ. ಯಾಕೆಂದರೆ ಒಳಗೆ ಎಲೆ ಹಾಕಿರುತ್ತಾರೆ. ನಮ್ಮ ಮದುವೆಯಲ್ಲಿ ಕಮಲಾ ಕೂಡ ಹಾಗೇ ಗೋಣು ಆಡಿಸಿದವಳು. ಈಗ ಮಾಳಿಗೆಯ ಮೇಲೆ ನಿಂತು ಖರೇ ಹುಡುಕಿದರೆ ಅವಳಿಗೆ ಕಾಣಲಿಲ್ಲ.

“ಉಳಿಯೂದ ಇಲ್ಲಂದಮ್ಯಾಲೆ ಕಣ್ಣು ಯಾಕ ಕೊಯ್ಸಗೋಬೇಕ್ರಿ? ಅರುಂಧತಿ ಕಾಣೂತನಕ ನಾ ದವಾಖಾನಿ ಮೆಟ್ಟಲ ಹತ್ತಂಗಿಲ್ಲ” ಎಂದು ಬಿಟ್ಟಳು. ಕಣ್ಣು ಕೆಟ್ಟದ್ದರಿಂದ ಕಾಣುವುದಿಲ್ಲ, ಕಾಣದ್ದರಿಂದ ಕಣ್ಣು ತೋರಿಸುವುದಿಲ್ಲ! ಅಂಗಡಿಯಲ್ಲಿ ಎಂಥೆಂಥ ಗಿರಾಕಿಗಳನ್ನೋ ಮಾತಿನಲ್ಲಿ ಒಲಿಸಿಕೊಂಡ ನಾನು ಈ ವಾದದ ಮುಂದೆ ಸೋತೆ. ಹೆದರಿಕೆಯೂ ಆಯಿತು. ಅವಳ ದೃಷ್ಟಿ ಹೋದರೆ ನನ್ನ ಮನೆಗೆ ಕತ್ತಲೆ. ಅದನ್ನು ಸುತ್ತಿ ಬಳಸಿ ಹೇಳುವುದೇನಿದೆ?

ಹಾಗಾಗಿ ಅರುಂಧತಿಯನ್ನು ಪರದೆಯ ಮೇಲಾದರೂ ತೋರಿಸೋಣವೆಂದು, ತಂತ್ರಾಂಶದ ತಕ್ಕಡಿಯನ್ನು ಕೆಳಗಿಟ್ಟು ಬಸಣ್ಣನ ಮಾತಿಗೇ ಕಟ್ಟುಬಿದ್ದೆ. ಯುಗಾದಿ ಕಳೆದು ಆಕಾಶ ತಿಳಿಯಾಗಿದ್ದ ಒಂದು ಸಂಜೆ, ಸವಡಿ ರಸ್ತೆಯಲ್ಲಿರುವ ನಮ್ಮ ಹೊಲಕ್ಕೆ ಕಮಲಳನ್ನು ಕರೆದುಕೊಂಡು ಹೋದೆ. ಕಡಲೆ ಕಿತ್ತು ಎರೆಭೂಮಿ ಬಯಲಾಗಿತ್ತು. ಗಾಳಿಗೆ ಅಲುಗದಿರಲೆಂದು ಕ್ಯಾಮೆರಾ ನಿಲ್ಲಿಸಿದ ಮುಕ್ಕಾಲಿಗೆ ಒಂದು ಚೀಲ ಕಡಲೆ ತೂಗುಬಿಟ್ಟೆ. ಉದ್ದನೆಯ ಲೆನ್ಸನ್ನು ಈಶಾನ್ಯಕ್ಕೆ ತಿರುಗಿಸಿ, ಮೂರನೆಯ ತಂತ್ರಾಂಶ ತೆರೆದು, ಅಂಕಿ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಫೋಕಸ್ ತಿದ್ದಿದೆ. ಆಮೇಲೆ ಕೆಂಪು ತೆಗೆದು ಚಿತ್ರವನ್ನು ಪರದೆಯ ತುಂಬ ಹಿಗ್ಗಿಸಿದೆ. ವಸಿಷ್ಠ ಒಂದು ಕಡೆ, ಅರುಂಧತಿ ಇನ್ನೊಂದು ಕಡೆ, ನಡುವೆ ಒಂದು ಗೇಣು ಅಂತರ.

ಕಮಲಾ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು.

“ಚಂದ ಕಾಣತದ್ರಿ, ಎರಡು ಮಲ್ಲಿಗಿ ಮೊಗ್ಗಿ ಇಟ್ಟಂಗ.”

ನಾನು ಗೆದ್ದೆ ಎಂದುಕೊಂಡೆ.

“ಆದ್ರ ಇದು ನಿಮ್ಮ ಯಂತ್ರ ಕಂಡದ್ದು, ನಾ ಕಂಡದ್ದಲ್ಲ. ಇದನ್ನ ಯಮ ಲೆಕ್ಕಕ್ಕ ಹಿಡೀತಾನೇನು?”

ಮೂರು ತಂತ್ರಾಂಶಗಳಲ್ಲಿ ಎಲ್ಲಿ ಹುಡುಕಿದರೂ ಇದಕ್ಕೊಂದು ಗುಂಡಿಯಿಲ್ಲ. ಅಷ್ಟರಲ್ಲಿ ಅವಳೇ ಕೇಳಿದಳು: “ನಿಮಗ ಬರೇ ಕಣ್ಣಿಗೆ ಕಾಣತದೇನ್ರಿ?”

ಕಾಣದೇ ಏನು ಎಂಬ ಠೀವಿಯಿಂದ ತಲೆಯೆತ್ತಿದೆ. ವಸಿಷ್ಠ ಸಿಕ್ಕ. ಪಕ್ಕದಲ್ಲಿ ಯಾರೂ ಇರಲಿಲ್ಲ. ಕನ್ನಡಕ ಒರೆಸಿಕೊಂಡೆ. ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ಇಷ್ಟು ವರ್ಷ ಆಕಾಶವನ್ನೆಲ್ಲ ಪರದೆಯ ಮೇಲೇ ನೋಡುತ್ತ, ನನ್ನ ಕಣ್ಣು ಮಂಜಾದದ್ದು ನನಗೇ ಗೊತ್ತಾಗಿರಲಿಲ್ಲ.

“ಇಲ್ಲ ಕಮಲಾ. ನನಗೂ ಒಂದ ಕಾಣತದ.”

“ಖರೇ?”

“ಖರೇ.”

ಒಂದು ಅಂಜಿಕೆಯ ಮೇಲೆ ಇನ್ನೊಂದನ್ನು ಹೇರಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆಮೇಲೆ ಕತ್ತಲಲ್ಲಿ ಅವಳು ನಕ್ಕದ್ದು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಸೆರಗನ್ನು ಬಾಯಿಗೆ ಒತ್ತಿ ಹಿಡಿಯುವಷ್ಟು.

“ಮುಂಜಾನೆ ಹೋಳಗಿ, ಸಂಜಿಗೆ ಮಿರ್ಚಿ ಭಜಿ ತಿಂದು ಗುಂಡಕಲ್ಲಿನಂಗ ಅದೀರಿ. ನೀವು ಆರು ತಿಂಗಳದಾಗ ಹೋಗೂ ಪೈಕಿ ಅಲ್ಲ ಬಿಡ್ರಿ. ನಮ್ಮ ಅಜ್ಜಿನ ಎಲ್ಲೋ ತಪ್ಪಿರಬೇಕು. ಲಗೂನ ದವಾಖಾನಿಗೆ ಫೋನ್ ಹಚ್ಚರಿ.”

ಅಲ್ಲೇ ನಿಂತು ಫೋನ್ ಹಚ್ಚಿದೆ. ಆ ಕಡೆಯ ಹುಡುಗಿ, “ಪೇಶಂಟ್ ನೀವೇನ್ರಿ, ನಿಮ್ಮ ಮನಿಯವರೇನ್ರಿ?” ಎಂದು ಕೇಳಿದಳು.

ಕಮಲಾ ನನ್ನ ಕೈಯಿಂದ ಫೋನ್ ಕಸಿದುಕೊಂಡು, “ಇಬ್ಬರ ಹೆಸರೂ ಬರಕೋರಿ” ಎಂದಳು.