ರುಬ್ಬುವ ಕಲ್ಲಿನ ಮುಂದೆ ಹುಡುಕಿದ ಲಿಮಿಟ್

ಎಪ್ಪತ್ತರ ದಶಕದಲ್ಲಿ ನನ್ನ ಪಿಎಚ್.ಡಿ. ವಿಷಯ ತೀರ್ಮಾನವಾಗಬೇಕಿದ್ದದ್ದು ಗಣಿತ ವಿಭಾಗದಲ್ಲಲ್ಲ, ರಾಜಾಜಿನಗರದ ನನ್ನ ಗೈಡ್ ಮನೆಯ ಹಿತ್ತಲಲ್ಲಿ. ಆ ಮಹಾನುಭಾವರ ವಿದ್ಯಾರ್ಥಿಗಳೆಲ್ಲ ಭಾನುವಾರ ಬೆಳಿಗ್ಗೆ ಅಲ್ಲಿ ಹಾಜರಿರಬೇಕು. ಹುಡುಗರು ಸೀಮೆಎಣ್ಣೆ ಕ್ಯೂನಲ್ಲಿ ನಿಲ್ಲುತ್ತಿದ್ದರು. ಹುಡುಗಿ ನಾನೊಬ್ಬಳೇ. ನನಗೆ ರುಬ್ಬುವ ಕಲ್ಲು.

ವಿಷಯಕ್ಕೆ ಗೈಡ್ ಸಹಿ ಬೀಳದಿದ್ದರೆ ಯುಗಾದಿ ಕಳೆದ ಮೇಲೆ ಮದುವೆ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಹಾಗಾಗಿ ವಿಜಯನಗರದಿಂದ ನಡೆದುಹೋಗಿ ರುಬ್ಬಿದೆ.

ನನ್ನ ವಿಷಯ ಇಷ್ಟೇ: ಕಂಪ್ಯೂಟರ್ ಪ್ರೋಗ್ರಾಮಿನೊಳಗೆ ತನ್ನನ್ನೇ ತಾನು ಮತ್ತೆ ಮತ್ತೆ ಕರೆಯುವ ಭಾಗವಿದ್ದರೆ ಅದಕ್ಕೆ ಅರ್ಥ ಯಾವುದು? ಒಂದು ಸುತ್ತು ನೋಡಿದರೆ ಸ್ವಲ್ಪ ತಿಳಿಯುತ್ತದೆ, ಇನ್ನೊಂದು ಸುತ್ತಿಗೆ ಇನ್ನಷ್ಟು. ಆ ತಿಳಿವು ಏರುತ್ತ ಏರುತ್ತ ಯಾವ ಲಿಮಿಟ್ಟಿನ ಕಡೆಗೆ ಹೋಗುತ್ತದೋ ಅದೇ ಅರ್ಥ. ಅಂದರೆ ಪ್ರೋಗ್ರಾಮಿನ ತರ್ಕವನ್ನು ಕ್ಯಾಲ್ಕುಲಸ್ಸಿನ ಲಿಮಿಟ್ಟು, ಕಂಟಿನ್ಯುಯಿಟಿಗಳ ಮೇಲೆ ನಿಲ್ಲಿಸಬಹುದು.

ಮೊದಲ ಸಲ ಹೇಳಿದಾಗ ಗೈಡ್ ಹುಡುಗರೆದುರೇ ಮಂಗಳಾರತಿ ಎತ್ತಿದರು. "ಏನಮ್ಮಾ, ಕಂಪ್ಯೂಟರ್‌ಗೆ ಕಾರ್ಡ್ ತೂತು ಮಾಡೋ ಗುಮಾಸ್ತರ ಕೆಲ್ಸಾನ ಕ್ಯಾಲ್ಕುಲಸ್‌ಗೆ ಅಂಟಿಸ್ತೀಯಾ?" ಹುಡುಗರು ಹಲ್ಲು ಕಿರಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಬರಬರುತ್ತ ಗೈಡ್ ಬದಲಾದರು. ಒಂದು ವಾರ ಕೂರಲು ಹೇಳಿದರು. ಇನ್ನೊಂದು ವಾರ ಪ್ರಶ್ನೆ ಕೇಳಿದರು. ಅವರ ಹೆಂಡತಿ ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ, "ನುಣ್ಣಗಾಗಿದೆ ಕಣೇ" ಅಂದರು. "ಮುಂದಿನ ವಾರ ನೋಡೋಣಮ್ಮ" ಎನ್ನುವ ಗೈಡ್ ದನಿಯೂ ಮೆತ್ತಗಾಯಿತು. ವಾರವಾರವೂ ಏರಿಕೆ. ಏರುತ್ತಿದೆ ಅಂದಮೇಲೆ ತುದಿಯಲ್ಲಿ ಸಹಿ ಇದ್ದೇ ಇದೆ ಎಂದುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು! ಲಿಮಿಟ್ ಯಾವುದೆಂದು ಸಾಧಿಸದೆ ಹೀಗೆ ನಂಬಿಕೊಂಡ ಮೊದಲ ವರ್ಷದ ವಿದ್ಯಾರ್ಥಿಗೆ ನಾನೇ ಸೊನ್ನೆ ಹಾಕುತ್ತಿದ್ದೆ.

ಯುಗಾದಿಗೆ ಮುಂಚಿನ ಭಾನುವಾರ ಹೋದರೆ ಬಾಗಿಲಲ್ಲಿ ಅಪ್ಪನ ಚಪ್ಪಲಿ. ಒಳಗೆ ಅಪ್ಪ, ಎದುರಿಗೆ ದಾವಣಗೆರೆಯಿಂದ ಬಂದಿದ್ದ ಗೈಡ್ ತಂಗಿ.

"ಇಷ್ಟು ದಿನದಿಂದ ನೋಡ್ತಾನೇ ಇದೀವಿ," ಗೈಡ್ ಅಪ್ಪನಿಗೆ ಹೇಳುತ್ತಿದ್ದರು. "ಎಷ್ಟು ಬೈದ್ರೂ ಎದುರಾಡಲ್ಲ, ಕೆಲ್ಸ ಅಚ್ಚುಕಟ್ಟು. ನಮ್ಮ ತಂಗಿ ಮಗನಿಗೆ ಇಂಥ ಹುಡುಗೀನೇ ಬೇಕಿತ್ತು."

"ಸಾರ್, ನನ್ನ ವಿಷಯ?" ಅಂದೆ.

"ಅದೆಲ್ಲ ಇನ್ಯಾಕಮ್ಮಾ? ಹೋಗು, ಕಾಫಿ ತಗೊಂಡ್ ಬಾ."

ಅಪ್ಪ ನನ್ನ ಮುಖ ನೋಡಲಿಲ್ಲ. ಕಾಫಿ ತಂದುಕೊಟ್ಟೆ. ಗೈಡ್ ತಂಗಿ ಒಂದು ಗುಟುಕು ಕುಡಿದು, "ಸಕ್ರಿ ಜಾಸ್ತಿ ಆತು" ಅಂದರು.

ಗೈಡ್ ನಕ್ಕರು. "ಕಲ್ತ್ಕೊಳ್ತಾಳೆ ಬಿಡು. ಬುದ್ಧಿವಂತೆ."