ಹೋರ್ಡಿಂಗಿನಿಂದ ಅಳಿಸಿದ ಆಡುಗಳು

ಹೈದರಾಬಾದಿನ ಕೊಂಡಾಪುರದ ಫ್ಲ್ಯಾಟಿಗೆ ನಾವು ಬಂದ ಹೊಸತರಲ್ಲಿ ಮನೆ ನೋಡಲು ಬಂದವರೆಲ್ಲ ಹಾಲ್‌ನ ಗೋಡೆಯ ಮುಂದೆ ನಿಂತು ಹುಬ್ಬೇರಿಸುತ್ತಿದ್ದರು. ಆಮೇಲೆ ಒಬ್ಬರು, ಎಮ್ಮೆಯ ಚಿತ್ರವನ್ನು ಹಾಲ್‌ನಲ್ಲಿ ಯಾಕೆ ಹಾಕಿದ್ದೀರಿ ಎಂದು ಕೇಳುತ್ತಿದ್ದರು. ಇನ್ನೊಬ್ಬರು ಕೆರೆಯ ಚಿತ್ರ ದಕ್ಷಿಣದ ಗೋಡೆಗೆ ಇರಬಾರದೆಂದು ವಾಸ್ತು ಹೇಳುತ್ತಿದ್ದರು. ಮಾದಾಪುರದ ಆಫೀಸಿನಲ್ಲಿ ನನ್ನ ಜೊತೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದ ಹುಡುಗಿಯೊಬ್ಬಳು ಇಂಟೀರಿಯರ್‌ನವನನ್ನು ಕರೆಸಿ ತನ್ನ ಸೋಫಾಕ್ಕೆ ಹೊಂದುವ ಮೂರು ಚಿತ್ರಗಳ ಸೆಟ್ ಹಾಕಿಸಿಕೊಂಡಿದ್ದಳು. ಅವುಗಳಲ್ಲಿ ಏನಿದೆ ಎಂದು ಕೇಳಿದರೆ, "ಮರೂನ್ ಇದೆ" ಎಂದಳು. ಅವಳೇ ನನ್ನ ಗೋಡೆ ನೋಡಿ ಮರುಕಪಟ್ಟಳು. ಇಂಥ ಮಾತುಗಳಿಗೆ ನಾನು ನಕ್ಕು ಚಹಾ ತರಲು ಎದ್ದುಹೋಗುತ್ತಿದ್ದೆ. ಒಳಗೊಳಗೇ ಮೈ ಉರಿಯುತ್ತಿತ್ತು.

ನಾನು ರಾಯಚೂರಿನವಳು, ಬಂಡೆಗಳನ್ನು ನೋಡುತ್ತಲೇ ಬೆಳೆದವಳು. ಮದುವೆಯಾಗಿ ಹೈದರಾಬಾದಿಗೆ ಬಂದು ತಾರ್ನಾಕದ ಬಾಡಿಗೆ ಮನೆಯಲ್ಲಿದ್ದಾಗ ಚಿತ್ರ ಸೇರಿಸುವ ಹುಚ್ಚು ಹಿಡಿಯಿತು. ಭಾನುವಾರ ಅಬಿಡ್ಸಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ನಡುವೆ ಒಮ್ಮೊಮ್ಮೆ ಚಿತ್ರಗಳೂ ಬರುತ್ತಿದ್ದವು. ಮೊದಲು ಸಿಕ್ಕಿದ್ದು ಆ ಎಮ್ಮೆ, ಮೂಗಿನವರೆಗೆ ಕೆರೆಯ ನೀರಿನಲ್ಲಿ ಮುಳುಗಿ ಕಣ್ಣು ಅರ್ಧ ಮುಚ್ಚಿಕೊಂಡದ್ದು. ಆಮೇಲೆ ತಾಳೆಮರಗಳ ಸಾಲು, ಮಳೆಯಲ್ಲಿ ನೆನೆದ ಕತ್ತೆ, ಹುಲ್ಲು ಒಣಗಿದ ಗುಡ್ಡ. ಮನುಷ್ಯರ ಚಿತ್ರ ನನಗೆ ಬೇಡವಾಗಿತ್ತು. ದಿನವಿಡೀ ಆಫೀಸಿನಲ್ಲಿ ಮನುಷ್ಯರನ್ನು ನೋಡುವುದೇ ಸಾಕಾಗುತ್ತಿತ್ತು. ನಮ್ಮವರು ಮೊಳೆ ಹೊಡೆದುಕೊಡುತ್ತಿದ್ದರೇ ಹೊರತು ಒಂದು ಚಿತ್ರದ ಬಗ್ಗೆಯೂ ಮಾತಾಡಿದವರಲ್ಲ.

ಮಾತಾಡಲು ಕೆಳಗಿನ ಮನೆಯಲ್ಲಿ ನಾನು ಕಾಕು ಎಂದು ಕರೆಯುತ್ತಿದ್ದ ಹಿರಿಯ ಹೆಂಗಸೊಬ್ಬರಿದ್ದರು. ಗದಗಿನ ಕಡೆಯವರು. ಅವರ ಗಂಡ, ಕಾಕಾ, ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಮಕ್ಕಳು ದೊಡ್ಡವರಾದ ಮೇಲೆ ಕಾಕು ಮತ್ತೆ ಬ್ರಷ್ಷು ಹಿಡಿದಿದ್ದರು. ಈ ಊರಿನ ಬಂಡೆಗಳನ್ನೇ ಬರೆಯುವುದು ಅವರ ಹಟ. ರಜೆಯ ದಿನ ಬುತ್ತಿ ಕಟ್ಟಿಕೊಂಡು, ಬಣ್ಣದ ಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡು ಸಿಟಿ ಬಸ್ಸು ಹತ್ತಿ ಕೊಂಡಾಪುರದ ಕಡೆ ಹೋಗುತ್ತಿದ್ದರು. ಆಗ ಅಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದ್ದರೂ ನಡುನಡುವೆ ಬಂಡೆಗುಡ್ಡಗಳು ಉಳಿದಿದ್ದವು. ನಾನೂ ಜೊತೆಗೆ ಹೋಗಿ ಅವರಿಗೆ ಬಿಸಿಲು ಬೀಳದಂತೆ ಕೊಡೆ ಹಿಡಿದು ಕೂರುತ್ತಿದ್ದೆ.

ಅಲ್ಲೊಂದು ಬಂಡೆ ಇತ್ತು. ಎರಡು ದೊಡ್ಡ ಕಲ್ಲುಗಳು ಒಂದಕ್ಕೊಂದು ಆತು ನಿಂತು, ಅವುಗಳ ನೆತ್ತಿಯ ಮೇಲೆ ಮೂರನೆಯದು ಈಗಲೋ ಆಗಲೋ ಜಾರುವಂತೆ ಕೂತಿತ್ತು. ಬಿರುಕಿನಲ್ಲಿ ಬೇವಿನ ಗಿಡ. ಸಂಜೆ ಕುರುಬರ ಮುದುಕನೊಬ್ಬ ಆಡುಗಳನ್ನು ಹೊಡೆದುಕೊಂಡು ಬರುತ್ತಿದ್ದ. ಅವು ನೆರಳು ಬಿಟ್ಟು ಕಲ್ಲಿನ ನೆತ್ತಿಗೇ ಹತ್ತುತ್ತಿದ್ದವು. ಕಾಕು ಅದನ್ನು ಆಡುಗಳು, ದೂರದಲ್ಲಿ ಬೆರಳಷ್ಟು ಮುದುಕ ಸಮೇತ ಆಯಿಲ್ ಪೇಂಟಿನಲ್ಲಿ ಬರೆದರು. ಆಡುಗಳಿಗೆ ಬಹಳ ಕಷ್ಟಪಟ್ಟರು. ಕರಿಯ ಆಡೊಂದರ ಕಾಲನ್ನು ಒರೆಸಿ ಒರೆಸಿ ಬರೆದು ಕೊನೆಗೆ, "ಈಗ ನೋಡು, ಇದರ ಭಾರ ಪೂರಾ ಹಿಂದಿನ ಕಾಲ ಮ್ಯಾಲ ಬಂತು" ಎಂದು ಸಮಾಧಾನಪಟ್ಟರು. ಮೂಲೆಯಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಬರೆದರು. ನಾವು ಅದೇ ಬಂಡೆಯ ಹತ್ತಿರ ಫ್ಲ್ಯಾಟು ತೆಗೆದುಕೊಂಡೆವೆಂದು ತಿಳಿದಾಗ ಆ ಚಿತ್ರ ನನಗೇ ಕೊಟ್ಟರು.

ಗೃಹಪ್ರವೇಶದ ದಿನ ಬಿಲ್ಡರ್ ಕಡೆಯ ಸೇಲ್ಸ್ ಮ್ಯಾನೇಜರ್ ಮಿಠಾಯಿ ಡಬ್ಬಿ ಹಿಡಿದು, ಒಬ್ಬ ಫೋಟೋದವನನ್ನೂ ಕರೆದುಕೊಂಡು ಬಂದ. ನಮ್ಮ ಗೋಡೆ ನೋಡಿ ಮೂಗು ಮುರಿಯದ ಮೊದಲ ಮನುಷ್ಯ ಅವನೇ. ಬಂಡೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತ. "ಸುಮ್ಮನೆ ನೆನಪಿಗೆ ಮೇಡಂ" ಎಂದು ಹಿಂದಿಯಲ್ಲಿ ಹೇಳಿ ಅದರದ್ದೊಂದು ಫೋಟೋ ತೆಗೆಸಿಕೊಂಡ. ನನಗೂ ಖುಷಿಯಾಯಿತು.

ಸ್ವಲ್ಪ ದಿನದಲ್ಲೇ ಆ ಬಂಡೆಯನ್ನು ಒಡೆಯಲು ಶುರುಮಾಡಿದರು. ಅದೇ ಬಿಲ್ಡರು, ನಮ್ಮದರ ಪಕ್ಕಕ್ಕೇ ಇನ್ನಷ್ಟು ಟವರು ಎಬ್ಬಿಸಲು. ಮಧ್ಯಾಹ್ನ ಊಟದ ಹೊತ್ತಿಗೆ ಸೈರನ್ ಕೂಗುತ್ತಿತ್ತು. ಆಮೇಲೆ ಢಮ್ಮೆಂದು ಸದ್ದಾಗಿ ಕಿಟಕಿಯ ಗಾಜು ಅದುರುತ್ತಿತ್ತು. ನಾನು ಆಫೀಸಿನಿಂದ ಬಂದು ನೋಡಿದರೆ ಗೋಡೆಯ ಚಿತ್ರಗಳೆಲ್ಲ ಸೊಟ್ಟಗೆ ತಿರುಗಿರುತ್ತಿದ್ದವು. ದಿನಾ ಒಂದೊಂದನ್ನೇ ನೆಟ್ಟಗೆ ಮಾಡುವುದು ನನ್ನ ಸಂಜೆಯ ಕೆಲಸವಾಯಿತು. ಬಂಡೆಯನ್ನು ಉಳಿಸಿ ಸುತ್ತಲೂ ಕಟ್ಟಬಹುದಿತ್ತಲ್ಲ ಎಂದು ನಮ್ಮ ಕಟ್ಟಡದವರ ಸಭೆಯಲ್ಲಿ ಒಮ್ಮೆ ಕೇಳಿದೆ. ಸೆಕ್ರೆಟರಿ, "ಕಲ್ಲು ಇಟ್ಟುಕೊಂಡು ಏನು ಮಾಡುತ್ತೀರಿ ಮೇಡಂ, ಅಲ್ಲಿ ಈಜುಕೊಳ ಬರುತ್ತದೆ" ಎಂದರು. ಎಲ್ಲರೂ ತಲೆಯಾಡಿಸಿದರು.

ಒಂದು ಸಂಜೆ ಆಫೀಸಿನ ಕ್ಯಾಬಿನಲ್ಲಿ ಬರುತ್ತಿದ್ದಾಗ ಮುಖ್ಯ ರಸ್ತೆಯ ತಿರುವಿನಲ್ಲಿ ಹೊಸ ಹೋರ್ಡಿಂಗ್ ಕಂಡಿತು. ಮೊದಲು ಬರೀ ಪರಿಚಿತ ಎನಿಸಿತು. ಆಮೇಲೆ ಗುರುತು ಸಿಕ್ಕಿತು. ಕಾಕು ಬರೆದ ಬಂಡೆ. ಅವರ ಬೇವು, ಅವರ ಆಕಾಶ, ಬ್ರಷ್ಷಿನ ಗೀರುಗಳು ಸಮೇತ. ಆಡುಗಳಿರಲಿಲ್ಲ. ಅವುಗಳ ಜಾಗದಲ್ಲಿ ಬಿಳಿಯ ಟವರುಗಳು ನಿಂತಿದ್ದವು. ಮುದುಕನೂ ಇರಲಿಲ್ಲ, ಮೂಲೆಯ ಅಕ್ಷರವೂ ಇರಲಿಲ್ಲ. ಪ್ರಕೃತಿಯ ಮಡಿಲಲ್ಲಿ ಬದುಕಿ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿತ್ತು. ಹಗಲೆಲ್ಲ ಮದ್ದಿಟ್ಟು ಒಡೆಯುತ್ತಿದ್ದ ಬಂಡೆಯನ್ನೇ ತೋರಿಸಿ ಜನರನ್ನು ಕರೆಯುತ್ತಿದ್ದರು.

ಮರುದಿನ ರಜೆ ಹಾಕಿ ಸೇಲ್ಸ್ ಆಫೀಸಿಗೆ ಹೋದೆ. ಮ್ಯಾನೇಜರ್ ನಗುತ್ತಲೇ ಎದ್ದು ನಿಂತ.

"ನೋಡಿದಿರಾ ಮೇಡಂ? ಎಷ್ಟು ಚೆನ್ನಾಗಿ ಬಂದಿದೆ. ನಿಮಗೆ ಹೆಮ್ಮೆ ಆಗಬೇಕು."

"ಯಾರನ್ನು ಕೇಳಿ ಹಾಕಿದಿರಿ?"

"ಬರೀ ಬ್ಯಾಕ್‌ಗ್ರೌಂಡಿಗೆ ಮೇಡಂ. ಮತ್ತೆ ಆ ಬಂಡೆ ನಮ್ಮದೇ ಜಾಗದ್ದು."

"ಬಂಡೆ ನಿಮ್ಮದಾದರೆ ಚಿತ್ರವೂ ನಿಮ್ಮದಾಗುತ್ತದೇನು? ಆಡುಗಳನ್ನು ಯಾಕೆ ತೆಗೆದಿರಿ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಕಸ್ಟಮರು ಆಡು ನೋಡಿ ಫ್ಲ್ಯಾಟ್ ತೆಗೆದುಕೊಳ್ಳುತ್ತಾರಾ ಮೇಡಂ?" ಎಂದ. ಕ್ಲಬ್ ಹೌಸಿನ ಸದಸ್ಯತ್ವ ಪುಕ್ಕಟೆ ಕೊಡಿಸುವುದಾಗಿಯೂ ಹೇಳಿದ. ಏನೋ ಬೈದು ಎದ್ದು ಬಂದೆ. ಮನೆಯಲ್ಲಿ ನಮ್ಮವರು, "ಹೋಗ್ಲಿ ಬಿಡು. ನಮ್ಮ ನೀರಿನ ಲೈನ್ ಇನ್ನೂ ಅವರ ಕೈಯಾಗ ಐತಿ. ದಿನಾ ಮಾರಿ ನೋಡೋರ ಜೊತಿ ಜಗಳ ಯಾಕ?" ಎಂದರು. ಬಿಲ್ಡರ್ ಮೇಲಿದ್ದಷ್ಟೇ ಸಿಟ್ಟು ಅವರ ಮೇಲೂ ಬಂತು. ಸೆಕ್ರೆಟರಿಯಂತೂ, ಹೋರ್ಡಿಂಗಿನಿಂದ ನಮ್ಮೆಲ್ಲರ ಫ್ಲ್ಯಾಟಿಗೆ ಬೆಲೆ ಏರುತ್ತದೆ, ನೀವು ಅಡ್ಡಗಾಲು ಹಾಕಬೇಡಿ ಎಂದು ಮನೆಗೇ ಬಂದು ಹೇಳಿದರು. ಅವರು ಕೂತಿದ್ದು ಆ ಚಿತ್ರದ ಕೆಳಗೇ. ತಲೆ ಎತ್ತಿ ನೋಡಲೂ ಇಲ್ಲ.

ಕಾಕುಗೆ ಹೇಳದಿರಲು ಸಾಧ್ಯವಿರಲಿಲ್ಲ. ಫೋನು ಮಾಡಿದೆ. ಶನಿವಾರ ಬೆಳಿಗ್ಗೆ ತಾರ್ನಾಕದಿಂದ ಒಬ್ಬರೇ ಬಸ್ಸಿನಲ್ಲಿ ಬಂದರು. ಹೋರ್ಡಿಂಗಿನ ಕೆಳಗೆ, ಲಾರಿಗಳ ಧೂಳಿನಲ್ಲಿ, ಸೆರಗನ್ನು ಮೂಗಿಗೆ ಹಿಡಿದು ನೋಡುತ್ತ ನಿಂತರು.

"ನನ್ನ ಹೆಸರು ಅಳಿಸ್ಯಾರ, ಅಳಸ್ಲಿ. ಆಡು ಏನ್ ಮಾಡಿದ್ವು ಇವರಿಗೆ? ಆ ಕರೀದರ ಕಾಲು ಬರಿಯೂದ್ರಾಗ ನನ್ನ ಕಣ್ಣು ಹೋಗಿದ್ವು." ಚೀಲ ಹೆಗಲಿಗೇರಿಸಿ, "ನಡಿ, ಆ ಮನುಷ್ಯಾನ್ನ ತೋರ್ಸು" ಎಂದರು.

ಸೇಲ್ಸ್ ಆಫೀಸಿನ ಬಿಳಿಯ ಸೋಫಾದ ಮೇಲೆ ಕಾಕು ನೆಟ್ಟಗೆ ಕೂತರು. ಗುಲ್ಬರ್ಗದಲ್ಲಿ ಹಲವು ವರ್ಷ ಇದ್ದವರಾದ್ದರಿಂದ ದಖನಿ ಉರ್ದು ಚೆನ್ನಾಗಿ ಬರುತ್ತಿತ್ತು. "ಮೇರೆ ಬಕರಿಯಾಂ ಕಾಂ ಗಯೆ?" ಎಂದು ಕೇಳಿದರು. ಅವನಿಗೆ ಅರ್ಥವಾಗಲಿಲ್ಲವೆಂದು ಗೋಡೆಗಿದ್ದ ಅದೇ ಚಿತ್ರದ ದೊಡ್ಡ ಪ್ರಿಂಟಿನ ಹತ್ತಿರ ಹೋಗಿ, ಟವರಿನ ಮೇಲೆ ಬೆರಳಿಟ್ಟು, ಇಲ್ಲಿದ್ದ ನನ್ನ ಆಡುಗಳೆಲ್ಲಿ ಎಂದು ಮತ್ತೆ ಕೇಳಿದರು. ಮ್ಯಾನೇಜರ್ ಕಾಫಿ ತರಿಸಿದ. ಕಾಕು ಮುಟ್ಟಲಿಲ್ಲ. ಆಡುಗಳನ್ನು ವಾಪಸು ಹಾಕಬೇಕು, ಈ ಬಂಡೆಯನ್ನು ನಾವೇ ಒಡೆಯುತ್ತಿದ್ದೇವೆ ಎಂದು ಕೆಳಗೆ ಬರೆಯಬೇಕು. ಇಲ್ಲದಿದ್ದರೆ ಹೋರ್ಡಿಂಗ್ ಇಳಿಸಬೇಕು. ಅಲ್ಲಿಯವರೆಗೆ ಏಳುವುದಿಲ್ಲ ಎಂದರು.

ಮ್ಯಾನೇಜರ್ ಹೊರಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದಾಗ ಫ್ಲ್ಯಾಟು ನೋಡಲು ಗಂಡ ಹೆಂಡತಿ ಬಂದರು. ಇಬ್ಬರ ಕೊರಳಲ್ಲೂ ಕಂಪನಿಯ ಗುರುತಿನ ಚೀಟಿ ನೇತಾಡುತ್ತಿತ್ತು. ಹೆಂಡತಿ ಪ್ರಿಂಟ್ ನೋಡಿ, "ಈ ಬಂಡೆ ನಮ್ಮ ಬಾಲ್ಕನಿಯಿಂದ ಕಾಣುತ್ತದಾ?" ಎಂದು ಕೇಳಿದಳು. ಅವಳು ಕೇಳಿದ್ದು ಆಫೀಸಿನವರನ್ನು. ಉತ್ತರ ಕೊಟ್ಟಿದ್ದು ಕಾಕು.

"ಕೂಡ್ರಿ ತಂಗಿ. ಊಟದ ಹೊತ್ತಾತು. ಈಗ ಕೇಳಸ್ತೈತಿ ನೋಡ್ರಿ" ಎಂದು ಕನ್ನಡದಲ್ಲೇ ಶುರುಮಾಡಿ, ಅವಳಿಗೆ ಅರ್ಥವಾಗಲಿಲ್ಲವೆಂದು ಗೊತ್ತಾಗಿ ಹಿಂದಿಯಲ್ಲಿ ಪೂರ್ತಿ ಕಥೆ ಹೇಳಿದರು. ಅರ್ಧಕ್ಕೇ ಸೈರನ್ ಕೂಗಿತು. ಢಮ್ಮೆಂದು ಸದ್ದಾಯಿತು. ಟವರುಗಳ ಪುಟ್ಟ ಮಾದರಿಯನ್ನು ಮುಚ್ಚಿದ್ದ ಗಾಜಿನ ಪೆಟ್ಟಿಗೆ ಗಡಗಡನೆ ಅದುರಿತು. ಹೆಂಡತಿ ಗಂಡನ ಮುಖ ನೋಡಿದಳು. ಇಬ್ಬರೂ ಬ್ರೋಷರನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದರು. ಒಳಗೆ ಬರುತ್ತಿದ್ದ ಮ್ಯಾನೇಜರಿಗೆ ಅವರು ಬಾಗಿಲಲ್ಲೇ ಎದುರಾದರು.

ಸಂಜೆಯವರೆಗೂ ಕಾಕು ಏಳಲಿಲ್ಲ. ಬಂದ ಪ್ರತಿಯೊಬ್ಬರಿಗೂ ಅದೇ ಕಥೆ. ಕೊನೆಗೆ ಮಾಲೀಕರ ಕಡೆಯ ಹಿರಿಯರೊಬ್ಬರು ಕಾರಿನಲ್ಲಿ ಬಂದು, ಹೋರ್ಡಿಂಗ್ ಇಳಿಸುತ್ತೇವೆ, ಅಮ್ಮಾ, ದಯವಿಟ್ಟು ಮನೆಗೆ ಹೋಗಿ ಎಂದು ತೆಲುಗಿನಲ್ಲಿ ಕೈ ಮುಗಿದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದಲೂ ಬರಲಿಲ್ಲ.

ವಾರದೊಳಗೆ ಹೋರ್ಡಿಂಗ್ ಇಳಿಯಿತು. ಅದರ ಜಾಗಕ್ಕೆ ಹಿಮದ ಬೆಟ್ಟ, ಚೂಪು ಮರಗಳು, ನೀಲಿ ಸರೋವರ ಮತ್ತು ನೀರು ಕುಡಿಯುತ್ತಿರುವ ಜಿಂಕೆ ಬಂದವು. ಅದು ಯಾವ ದೇಶದ್ದೋ. ಕೊಂಡಾಪುರದಲ್ಲಿ ಜಿಂಕೆ ಇರಬಹುದು, ಆಡು ಇರಬಾರದು. ಅದನ್ನು ಯಾರೂ ಪ್ರಶ್ನಿಸಲಿಲ್ಲ. ನಮ್ಮ ಕಟ್ಟಡದವರು ಲಾಬಿಗೂ ಅದೇ ಪೋಸ್ಟರ್ ಕೇಳಿ ತಂದು ಹಾಕಿದರು. ಸೆಕ್ರೆಟರಿ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಬಂಡೆಯನ್ನು ಒಡೆಯುವುದಂತೂ ನಿಲ್ಲಲಿಲ್ಲ. ಮೊದಲು ನೆತ್ತಿಯ ಕಲ್ಲು ಹೋಯಿತು, ಆಮೇಲೆ ಬೇವು, ಆಮೇಲೆ ಉಳಿದದ್ದು. ಜಲ್ಲಿ ತುಂಬಿದ ಲಾರಿಗಳು ನಮ್ಮ ಗೇಟಿನ ಮುಂದೆಯೇ ಹೋಗುತ್ತಿದ್ದವು.

ನಾವು ಸೋತೆವೆಂದು ನಾನು ಅಂದುಕೊಂಡಿದ್ದೆ. ಕಾಕುಗೆ ಅಷ್ಟು ಹೊತ್ತು ಕೂತು ಯೋಚಿಸುವ ಬಿಡುವಿರಲಿಲ್ಲ. ಹೋರ್ಡಿಂಗ್ ಇಳಿದ ಮುಂದಿನ ಭಾನುವಾರವೇ ಫೋನು ಮಾಡಿ, ಕೊಂಡಾಪುರದಾಚೆ ಇನ್ನೂ ಒಡೆಯದ ಗುಡ್ಡವೊಂದಿದೆಯಂತೆ, ಬಿಸಿಲೇರುವ ಮೊದಲು ಹೋಗೋಣ ಎಂದರು. ಅಲ್ಲಿ ಸರ್ವೆಯವರು ಆಗಲೇ ಕಲ್ಲುಗಳ ಮೇಲೆ ಕೆಂಪು ಗುರುತು ಬಳಿದುಹೋಗಿದ್ದರು. ಕಾಕು ಚೀಲ ಬಿಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು.

"ಈ ಕೆಂಪೂ ಬರೀತೀರೇನ್ರೀ ಕಾಕು?" ಎಂದು ಕೇಳಿದೆ.

"ಬರೀಲಾರದ ಬಿಡ್ತೀನೇನು?" ಎಂದು ಟ್ಯೂಬು ಹಿಂಡಿದರು. "ಯಾರು ಗುರುತು ಹಾಕಿದ್ರು ಅಂತ ನೋಡಿದವರಿಗೆ ಗೊತ್ತಾಗ್ಲಿ. ಬಿಸಲು ಬೀಳ್ತೈತಿ, ಕೊಡಿ ಸರಿಯಾಗಿ ಹಿಡಿ."