ಲೊಕ್ಕನಹಳ್ಳಿಗೆ ಒಯ್ದ ಫಲಿತಾಂಶ

ತೊಂಬತ್ತರ ದಶಕದ ಒಂದು ಮಳೆಗಾಲದ ಆರಂಭ. ಮೈಸೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಚೀಲದಲ್ಲಿ ಸಿರಿಂಜು, ರಕ್ತ ತುಂಬುವ ಎರಡು ಖಾಲಿ ಕೊಳವೆ, ಒಂದು ಹಾಳೆಯ ಫಲಿತಾಂಶ. ಲೊಕ್ಕನಹಳ್ಳಿಯ ರೈತ ಮಾದಪ್ಪನವರ ಮಗಳು ಗೌರಿಗೆ ಮೂಳೆಯೊಳಗಿನ ಮಜ್ಜೆ ಬತ್ತಿ ರಕ್ತ ಹುಟ್ಟುತ್ತಿರಲಿಲ್ಲ. ಅವಳ ಮಜ್ಜೆಯ ಜೀವಕೋಶಗಳನ್ನು ನಮ್ಮ ಲ್ಯಾಬಿನ ಬಾಟಲಿಯಲ್ಲಿ, ಆರೋಗ್ಯವಂತರ ಮಜ್ಜೆಯ ಹಾಸಿನ ಮೇಲೆ ಬೆಳೆಯಲು ಇಟ್ಟವನು ನಾನು. ಕೆಟ್ಟಿರುವುದು ಬೀಜದಂಥ ಅವಳ ಜೀವಕೋಶವೋ, ಅದು ಬೆಳೆಯುವ ಮಣ್ಣೋ ಎಂದು ನೋಡುವ ಕೆಲಸ. ಬೀಜವೇ ಕೆಟ್ಟಿತ್ತು. ಅವಳ ಅಣ್ಣ ನಂಜುಂಡನ ರಕ್ತ ಹೊಂದಿದರೆ ಅವನ ಮಜ್ಜೆಯಿಂದ ಅವಳನ್ನು ಉಳಿಸಬಹುದು ಎಂಬ ಆಸೆಯಿತ್ತು.

ಕೊಳ್ಳೇಗಾಲ ಮುಟ್ಟುವಷ್ಟರಲ್ಲಿ ನೇರ ಬಸ್ಸು ಹೋಗಿಬಿಟ್ಟಿತ್ತು. ಎರಡು ಇಡ್ಲಿ ತಿಂದು ಹನೂರಿನ ಬಸ್ಸು ಹಿಡಿದೆ, ಅಲ್ಲಿಂದ ಇನ್ನೊಂದು. ಪಕ್ಕದ ಸೀಟಿನ ಹೆಂಗಸು, "ಯಾರ್ ಮನ್ಗೆ ಸಾ?" ಎಂದರು. ಮಾದಪ್ಪನವರ ಮನೆಗೆ ಎಂದೆ. "ಓಗಿ ಸಾ, ಓಗಿ," ಎಂದು ಕಿಟಕಿಯತ್ತ ತಿರುಗಿಕೊಂಡರು. ಪಟ್ಟಣದವರೆಂದರೆ ಇವರಿಗೆ ಬಿಗುಮಾನ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಮಾದಪ್ಪನವರು ಜಗಲಿಯಲ್ಲಿದ್ದರು. ಮುಂದೆ ಒಡೆದ ಮಡಕೆಯ ಓಡು, ಅದರಲ್ಲಿ ಒದ್ದೆ ಮರಳು, ಹತ್ತು ಅವರೆ ಬೀಜ. ನಿಂತಲ್ಲೇ ಫಲಿತಾಂಶ ಹೇಳಿ ನಂಜುಂಡನ ರಕ್ತ ಕೇಳಿದೆ. ಬಾಗಿಲ ಬಳಿ ನಿಂತಿದ್ದ ಅವನು ಅಂಗಿಯ ತೋಳು ಮಡಚಿದ.

"ಮೊನ್ನೆ ಆಲು ತುಪ್ಪ ಬುಟ್ಟು ಬಂದ್ವಿ, ಸಾ," ಎಂದರು ಮಾದಪ್ಪನವರು.

ಸಮಾಧಿಗೆ ಹಾಲು ತುಪ್ಪ ಬಿಡುವುದು ಮೂರನೆಯ ದಿನ. ಗೌರಿ ಹೋಗಿ ಆಗಲೇ ಐದು ದಿನವಾಗಿತ್ತು. ಚೀಲ ಕೆಳಗಿಟ್ಟು ಜಗಲಿಯ ಅಂಚಿಗೆ ಕುಳಿತೆ.

ಅವರು ಓಡಿಗೆ ನೀರು ಚಿಮುಕಿಸಿದರು. "ಬಿತ್ತೋಕ್ ಮುಂಚೆ ಇಂಗೆ ಆಕಿ ನೋಡ್ತೀವಿ. ನಾಕ್ ದಿನಕ್ಕೆ ಗೊತ್ತಾಯ್ತದೆ. ಉಟ್ನಿಲ್ಲ ಅಂದ್ರೆ ಬ್ಯಾರೆ ಬೀಜ ತರ್ತೀವಿ. ನಿಮ್ ಬಾಟ್ಲೀಲಿ ಯಾವಾಗ್ ಗೊತ್ತಾಯ್ತು, ಸಾ?"

ಐದನೆಯ ವಾರ ಎನ್ನಬಹುದಿತ್ತು. ರಿಜಿಸ್ಟರಿನಲ್ಲಿ ಹಾಗೇ ಇದೆ. ಆದರೆ ಮೂರನೆಯ ವಾರಕ್ಕೇ ಅವಳ ಬಾಟಲಿಯಲ್ಲಿ ಏನೂ ಹುಟ್ಟದ್ದನ್ನು ಕಂಡಿದ್ದೆ. ಐದು ವಾರ ಕಾಯಬೇಕೆಂಬುದು ನಿಯಮವೆಂದು ಬಾಯಿ ಬಿಟ್ಟಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಅದನ್ನೇ ಹೇಳಿದೆ.

ಮಾದಪ್ಪನವರು ಬೆರಳು ಮಡಚುತ್ತಾ ವಾರ ಎಣಿಸಿದರು.

"ಆಗ ಕೂಸು ಎದ್ದು ಕುಂತ್ಕಂಡು ಮುದ್ದೆ ಉಣ್ತಿತ್ತು, ಸಾ."

ಸಂಜೆಯ ಬಸ್ಸು ಹೊರಟಾಗ ತಿರುಗಿ ನೋಡಿದೆ. ನನ್ನನ್ನು ಹತ್ತಿಸಲು ಬಂದಿದ್ದ ನಂಜುಂಡ ಅಲ್ಲೇ ನಿಂತಿದ್ದ. ಮಡಚಿದ ತೋಳನ್ನು ಇನ್ನೂ ಇಳಿಸಿರಲಿಲ್ಲ.